ಜೀಪಿಗೆ ಹೆಗಲಿಲ್ಲ

ಗಾಡಿ ಮಗುಚಿದರೆ ನಮ್ಮ ಪತ್ರಿಕೆಗಳಿಗೆ ಮೊದಲ ಪುಟ. ಎಷ್ಟು ಜನ ಸತ್ತರು, ಯಾರ ಕಾಲು ಮುರಿಯಿತು, ಯಾವ ಸಾಹೇಬರು ಬಂದು ಕಣ್ಣೊರೆಸಿಕೊಂಡರು, ಎಲ್ಲವೂ ಬರುತ್ತದೆ. ಮಗುಚಬೇಕಾಗಿದ್ದ ಗಾಡಿಯನ್ನು ಮಗುಚದಂತೆ ಮಾಡಿ, ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡು, ಬುತ್ತಿ ಬಿಚ್ಚಿ ಉಣ್ಣಲು ಕೂತವನ ಹೆಸರು ಒಳಗಿನ ಪುಟದಲ್ಲೂ ಬರುವುದಿಲ್ಲ. ನಾನೂ ಆ ತಪ್ಪಿನ ಪಾಲುದಾರ. ಹತ್ತು ವರ್ಷ ಈ ಅಂಕಣದಲ್ಲಿ ಬೈದದ್ದೇ ಬೈದದ್ದು. ಈ ವಾರ ಬೈಗುಳ ಸ್ವಲ್ಪ ಕಡಿಮೆ. ಒಬ್ಬನಿಗೆ ಕೈ ಮುಗಿಯುವುದಿದೆ.

ಅವನ ಹೆಸರು ಬೀರಲಿಂಗಪ್ಪ. ಹಳೇ ಹುಬ್ಬಳ್ಳಿಯಿಂದ ಕಾರವಾರ ರಸ್ತೆಗೆ ಹೊರಳುವಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್ಡು. ಬೋರ್ಡು ಗೀರ್ಡು ಇಲ್ಲ. ಲಾರಿ, ಟೆಂಪೋಗಳ ಹಿಂಬದಿ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ನಮ್ಮಲ್ಲಿ ಪಾಟಾ ಅನ್ನುತ್ತಾರೆ. ಅವನ್ನು ಬಿಚ್ಚಿ, ಬಡಿದು, ಮತ್ತೆ ಕೂಡಿಸುವುದು ಅವನ ಕಸಬು. ಕುಂದಗೋಳ ಕಡೆಯ ಒಕ್ಕಲ ಮನೆಯ ಹುಡುಗ, ಹದಿನೆಂಟಕ್ಕೆ ಹುಬ್ಬಳ್ಳಿಗೆ ಬಂದು ಒಂದು ದೊಡ್ಡ ಪಾಟಾ ಅಂಗಡಿಯಲ್ಲಿ ಸುತ್ತಿಗೆ ಹಿಡಿದವನು. ನಾನು ಕಂಡಾಗ ನಲವತ್ತು ದಾಟಿದ್ದ. ಮಾತು ಕಡಿಮೆ. ಮಾತಾಡುವಾಗ ಎದುರಿನವರ ಮುಖ ನೋಡುವುದಕ್ಕಿಂತ ಅವರ ಗಾಡಿಯ ಹಿಂದಿನ ಗಾಲಿ ನೋಡುವುದು ಹೆಚ್ಚು.

ಅವನ ಹತ್ತಿರ ನನ್ನನ್ನು ಕರೆದೊಯ್ದವಳು ಗೌರಕ್ಕ. ಧಾರವಾಡದ ಮಾಳಮಡ್ಡಿಯಲ್ಲಿ ನಾನಿದ್ದ ಬಾಡಿಗೆ ಮನೆಯ ಹಿಂದಿನ ಓಣಿಯವಳು. ಮದುವೆ, ಜವಳ, ಗೃಹಪ್ರವೇಶ ಎಲ್ಲಿದ್ದರೂ ಜೋಳದ ರೊಟ್ಟಿ ಬಡಿದು ಕೊಡುವ ಎಂಟು ಹೆಂಗಸರ ತಂಡ ಅವಳದು. ಮೊದಲು ಈ ಹೆಂಗಸರನ್ನು ಅಡುಗೆ ಗುತ್ತಿಗೆದಾರರು ಪಾತ್ರೆಗಳ ಜೊತೆ ಟೆಂಪೋದಲ್ಲಿ ನಿಲ್ಲಿಸಿ ಒಯ್ಯುತ್ತಿದ್ದರು. ಕೆಲಸ ಮುಗಿದ ಮೇಲೆ ಪಾತ್ರೆಗಳನ್ನು ಎಣಿಸಿ ಏರಿಸುತ್ತಿದ್ದರು, ಹೆಂಗಸರನ್ನು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿದ್ದರು. ಪಾತ್ರೆಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಅದನ್ನು ಸಹಿಸದೆ ಎಂಟೂ ಮಂದಿ ಸೇರಿ ಒಂದು ಹಳೇ ದೊಡ್ಡ ಜೀಪು ಕೊಂಡರು. ಅದರ ಹಿಂದೆ ಎಳೆಯಲು ಎರಡು ಗಾಲಿಯ ಒಂದು ಟ್ರೇಲರ್ ಮಾಡಿಸಿದರು. ಹಿಟ್ಟಿನ ಚೀಲ, ಒಲೆ, ಹಂಚು, ಹಿಟ್ಟು ನಾದುವ ಪರಾತ, ಒಣ ಕಟ್ಟಿಗೆ ಎಲ್ಲ ಅದರಲ್ಲಿ. ಮದುವೆ ಮನೆಯವರು ಕೊಡುವ ಕಟ್ಟಿಗೆ ಹಸಿ ಇರುತ್ತದೆ, ಹೊಗೆಯಲ್ಲಿ ಕಣ್ಣು ಹೋಗುತ್ತದೆ ಎಂದು ಕಟ್ಟಿಗೆಯನ್ನೂ ತಾವೇ ಹೊತ್ತು ಹೋಗುವ ರೂಢಿ.

ಗಾಡಿ ಹೊಡೆಯುವವನು ಕೆಲಗೇರಿಯ ಯಮನಪ್ಪ. ಇಪ್ಪತ್ತು ವರ್ಷ ಎತ್ತಿನ ಗಾಡಿಯಲ್ಲಿ ಇಟ್ಟಂಗಿ ಹೇರಿದವನು, ಆಮೇಲೆ ಲೈಸೆನ್ಸು ಮಾಡಿಸಿಕೊಂಡವನು. ಕುಡಿತವಿಲ್ಲ, ಅವಸರವಿಲ್ಲ.

2004ರ ಫೆಬ್ರುವರಿಯ ಒಂದು ಮುಂಜಾನೆ ಹುಬ್ಬಳ್ಳಿಯ ಕೆಲಸ ಮುಗಿಸಿ ಬರುವಾಗ ನವಲೂರಿನ ಇಳಿಜಾರಿನಲ್ಲಿ ಟ್ರೇಲರ್ ಬಾಲ ಆಡಿಸತೊಡಗಿತು. ಮೊದಲು ಸಣ್ಣಗೆ, ಆಮೇಲೆ ಜೀಪಿನ ಕುಂಡಿಯನ್ನೇ ಹಿಡಿದು ಎಡಕ್ಕೂ ಬಲಕ್ಕೂ ಜಗ್ಗುವಷ್ಟು. ಎದುರಿಗೆ ಬಸ್ಸು. ಯಮನಪ್ಪ ಹೇಗೋ ರಸ್ತೆ ಬಿಟ್ಟು ಮಣ್ಣಿಗಿಳಿಸಿದ. ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯ ಎರಡು ಮಾರು ದೂರದಲ್ಲಿ ಗಾಡಿ ನಿಂತಿತು.

ತಂಡದಲ್ಲಿ ಎಲ್ಲರಿಗಿಂತ ಹಿರಿಯಳು ಸಾವಕ್ಕ. ಬಾಯಿ ಬಲು ಜೋರು. ಕೆಳಗಿಳಿದು ಸೆರಗು ಬಿಗಿದುಕೊಂಡು ಹೇಳಿದಳಂತೆ:

"ಗೌರವ್ವಾ, ರೊಟ್ಟಿ ಬಡ್ಯಾಕ ನಡಕೋತ ಬಾ ಅಂದ್ರ ಬರ್ತೇನಿ. ಈ ಹೆಣದ ಗಾಡ್ಯಾಗ ಇನ್ನ ಕಾಲಿಡೂದಿಲ್ಲ. ಇಡಸಾಕ ಬಂದ್ರ ಆ ಯಮನಪ್ಪನ ಹೆಸರಿನ ಕಡೆ ಒಮ್ಮೆ ನೋಡು!"

ಉಳಿದ ಆರೂ ಮಂದಿ ಅವಳ ಹಿಂದೆ ಸಿಟಿ ಬಸ್ಸು ಹತ್ತಿದರು.

ಮುಂದೆ ಹದಿನೈದು ದಿನಕ್ಕೆ ಉಪ್ಪಿನಬೆಟಗೇರಿಯಲ್ಲಿ ಹತ್ತಿ ವ್ಯಾಪಾರಿ ಚನ್ನಯ್ಯನವರ ಮನೆಯ ಮದುವೆ. ನಾಲ್ಕು ಸಾವಿರ ರೊಟ್ಟಿ ಒಪ್ಪಿಕೊಂಡಾಗಿತ್ತು. ಹೆಂಗಸರು ಗಾಡಿ ಹತ್ತದಿದ್ದರೆ ಮತ್ತೆ ಗುತ್ತಿಗೆದಾರನ ಟೆಂಪೋ, ಮತ್ತೆ ಕ್ರಾಸಿನಲ್ಲಿ ಇಳಿಸುವುದು. ಎಂಟು ಮಂದಿ ಸೇರಿ ಕಟ್ಟಿದ್ದು ಚೂರಾಗಿ ಎಂಟು ದಾರಿ ಹಿಡಿಯುತ್ತದೆ ಎಂಬುದು ಗೌರಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಜೀಪಿನ ಹಿಂಬದಿಯ ಸ್ಪ್ರಿಂಗ್ ಕುಸಿದದ್ದೇ ಕಾರಣವೆಂದು ಎಲ್ಲರೂ ಹೇಳಿದ್ದರಿಂದ ಅವಳು ಗ್ಯಾರೇಜುಗಳಿಗೆ ಓಡಾಡಿದಳು. ಒಬ್ಬ ಮಿಸ್ತ್ರಿ "ಸ್ಪ್ರಿಂಗ್ ಒಳಗ ಕಬ್ಬಿಣದ ಪೈಪ್ ಹಾಕಿ ವೆಲ್ಡ್ ಹೊಡೀತೇನಿ" ಎಂದ. ಇನ್ನೊಬ್ಬ ಬಿಡಿಭಾಗ ಮಾರುವವನು ಪುಣೆಯಿಂದ ತರಿಸಿದ ಒಂದು ಡಬ್ಬಿ ತೆಗೆದುಕೊಟ್ಟ. ಒಳಗೆ ದಪ್ಪ ರಬ್ಬರಿನಂಥ ಎರಡು ಉದ್ದನೆ ಚೀಲ, ಸಣ್ಣ ನಳಿಕೆ, ಸೈಕಲ್ ಟ್ಯೂಬಿನದರಂಥ ಎರಡು ವಾಲ್ವು. ಜೀಪಿನ ಹಿಂಬದಿಯ ಸುರುಳಿ ಸ್ಪ್ರಿಂಗಿನ ಹೊಟ್ಟೆಯೊಳಗೆ ಈ ಚೀಲಗಳನ್ನು ಕೂಡಿಸಿ ಗಾಳಿ ತುಂಬಿದರೆ ಕುಸಿದ ಹಿಂಭಾಗ ಮೇಲೇಳುತ್ತದೆ. "ಇದನ್ನ ಕೂಡಿಸಿದ ಮ್ಯಾಲೆ ಎಷ್ಟರೆ ಹೇರ್ರಿ, ನಿಮ್ಮಪ್ಪನ ಮನಿ ಆನಿ ಇದ್ದಂಗ" ಎಂದು ಹೇಳಿ ಕಳಿಸಿದನಂತೆ. ಇಂಥ ನಾಲಗೆಗಳಿಗೆ ನಮ್ಮ ಊರಲ್ಲಿ ಬರವಿಲ್ಲ. ಮಾರಿದ ಮೇಲೆ ಅವರು ಆ ಗಾಡಿಯಲ್ಲಿ ಕೂರುವುದಿಲ್ಲವಲ್ಲ!

ಡಬ್ಬಿಯಲ್ಲಿದ್ದ ಹಾಳೆ ಇಂಗ್ಲಿಷಿನಲ್ಲಿತ್ತು. ನನಗೆ ಸಾಲಿಯ ಇಂಗ್ಲಿಷು ಏಳನೆಯ ಇಯತ್ತೆಗೇ ಮುಗಿದದ್ದು. ಉಳಿದದ್ದು ಡಿಕ್ಷನರಿ ಇಟ್ಟುಕೊಂಡು ಗುದ್ದಾಡಿ ಕಲಿತದ್ದು. ಗೌರಕ್ಕನಿಗೆ ಅಷ್ಟೇ ಸಾಕಾಗಿತ್ತು.

"ಪೇಪರ್‌ನ್ಯಾಗ ಮಂದೀನ ಬಯ್ಯಾಕ ಬರ್ತೈತಲ್ಲ, ಇದನ್ನರೆ ಓದಿ ಪುಣ್ಯಾ ಕಟ್ಕೋರಿ," ಎಂದು ಜೀಪಿನಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟಳು. ಪೈಪಿನ ವೆಲ್ಡಿಂಗ್ ಬೇಡ ಎಂದು ಹೇಳುವ ಒಬ್ಬನೇ ಮಿಸ್ತ್ರಿ ಬೀರಲಿಂಗಪ್ಪ ಎಂದು ಯಾರೋ ಅವಳಿಗೆ ಹೇಳಿದ್ದರು.

ಅವನು ಡಬ್ಬಿ ಮುಟ್ಟಲಿಲ್ಲ. ಜೀಪಿನ ಸುತ್ತ ಒಂದು ಸುತ್ತು ಬಂದ.

"ಟ್ರೇಲರ್ ಎಲ್ಲೈತ್ರಿ?"

"ಮನ್ಯಾಗ ಬಿಟ್ಟ ಬಂದೇವಿ. ಕೂಡಸೂದು ಜೀಪಿಗೆ ಹೌದಲ್ಲೋ?"

"ನಾಡಿ ನೋಡಬೇಕಂದ್ರ ಮನಷ್ಯಾ ಬರಬೇಕ್ರಿ ಯಕ್ಕಾ, ಅಂಗಿ ಕಳಸಿದ್ರ ನಡ್ಯೂದಿಲ್ಲ. ಮದವಿಗೆ ಹೊಂಟಂಗ ಎಲ್ಲಾ ಹೇರ್ಕೊಂಡು ನಾಳೆ ಬರ್ರಿ. ರೊಟ್ಟಿ ಬಡಿಯವ್ರನ್ನೂ ಕರಕೊಂಡ ಬರ್ರಿ."

ಮರುದಿನ ಯಮನಪ್ಪ ಹೇರಿದ ಟ್ರೇಲರ್ ಎಳೆದುಕೊಂಡು ಇಪ್ಪತ್ತರ ವೇಗದಲ್ಲಿ, ಮದುವಣಗಿತ್ತಿಯಂತೆ ತಲೆ ತಗ್ಗಿಸಿಕೊಂಡು ಬಂದ. ಹೆಂಗಸರು ಗಾಡಿ ಹತ್ತಲಿಲ್ಲ. ಬಸ್ಸಿಗೆ ಬಂದು ಬೇವಿನ ಮರದ ಕೆಳಗೆ ಸಾಲಾಗಿ ಕೂತರು, ಪಂಚಾಯ್ತಿಗೆ ಕೂತ ಹಾಗೆ.

ಬೀರಲಿಂಗಪ್ಪ ಟ್ರೇಲರಿನ ಕೊಂಡಿ ಬಿಚ್ಚಿಸಿದ. ಎತ್ತಿನ ಗಾಡಿಯ ಮೂಕಿಯ ಹಾಗೆ ಮುಂದಕ್ಕೆ ಚಾಚಿದ ಕಬ್ಬಿಣದ ಮೂತಿಯನ್ನು ಒಂದು ಕೈಯಲ್ಲಿ ಎತ್ತಿದ. ಹೂವಿನ ಬುಟ್ಟಿ ಎತ್ತಿದಂತೆ ಎದ್ದಿತು. ಹಿಂದೆ ಬಂದು ತಾಡಪತ್ರಿ ಸರಿಸಿ ನೋಡಿದ. ಹಿಟ್ಟಿನ ಚೀಲ, ಕಟ್ಟಿಗೆ, ಭಾರದ್ದೆಲ್ಲ ಹಿಂದೆ. ಮುಂದೆ ಪರಾತ, ಬುಟ್ಟಿ, ಜರಡಿ.

"ಇದನ್ನ ಹೇರಿದವ್ರ ಯಾರ್ರಿ?"

ಯಮನಪ್ಪ ಮುಂದೆ ಬಂದ. ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. "ನಾನಽ. ಇಪ್ಪತ್ತ ವರ್ಷ ಗಾಡಿ ಹೇರೇನ್ರಿ. ಒಂದ ದಿನಾ ನನ್ನ ಎತ್ತಿನ ಹೆಗಲ ಬಾತಿಲ್ಲ. ಮೂಕಿ ಮ್ಯಾಲೆ ಭಾರ ಬಿತ್ತಂದ್ರ ಪಾಪ, ಮೂಕ ಪ್ರಾಣಿ ಎಲ್ಲಿ ಹೇಳ್ಕೋಬೇಕು? ಈ ಜೀಪಿನ ಕುಂಡಿನೂ ಕುಸ್ಯಾಕತ್ತಿತ್ತು. ಅದಕ್ಕ ವಜ್ಜಿ ಎಲ್ಲಾ ಹಿಂದ ಸರಿಸೇನಿ."

"ಅಂದ್ರ ತಪ್ಪ ನಿಂದಽ, ಮೂಳಾ!" ಸಾವಕ್ಕ ಕೂತಲ್ಲಿಂದಲೇ ಕೂಗಿದಳು.

ಬೀರಲಿಂಗಪ್ಪ ಅವಳ ಕಡೆ ತಿರುಗಿದ. "ಯವ್ವಾ, ಬಯ್ಯಬ್ಯಾಡ. ನಮ್ಮಪ್ಪನೂ ಹಿಂಗಽ ಹೇರ್ತಿದ್ದ. ಎತ್ತಿನ ನೋವ ತಿಳದಾವನ ಕೈಯಿದು." ಆಮೇಲೆ ಯಮನಪ್ಪನ ಭುಜದ ಮೇಲೆ ಕೈಯಿಟ್ಟ. "ಆದ್ರ ತಮ್ಮಾ, ಜೀಪಿಗೆ ಹೆಗಲಿಲ್ಲ. ಬಾಯೋದೂ ಇಲ್ಲ, ಹುಣ್ಣಾಗೂದೂ ಇಲ್ಲ. ಅದರ ಬೆನ್ನಮ್ಯಾಲೆ ಒಂದೀಟ ಭಾರ ಕುಂತ್ರಽ ಹಿಂದಿನ ಗಾಡಿ ಹೇಳಿದ ಮಾತ ಕೇಳ್ತೈತಿ. ಹಗೂರಾದ್ರ ಬಾಲಾ ಆಡಸ್ತೈತಿ."

ಹತ್ತು ದಿನದಿಂದ ಆ ಮನುಷ್ಯನಿಗೆ ಎಲ್ಲರೂ ಡ್ರೈವಿಂಗ್ ಬರುವುದಿಲ್ಲ ಎಂದು ಆಡಿದ್ದೇ ಆಡಿದ್ದು. ಅವನು ಮೋರೆ ಆ ಕಡೆ ತಿರುಗಿಸಿ ಟವೆಲ್ಲಿನಿಂದ ಒರೆಸಿಕೊಂಡ.

ಹಿಟ್ಟಿನ ಚೀಲ, ಕಟ್ಟಿಗೆಗಳನ್ನು ಮುಂದಕ್ಕೆ ಸರಿಸಿ ಕೊಂಡಿ ಹಾಕಿದರು. ಈಗ ಮೂತಿ ಎತ್ತಲು ಇಬ್ಬರು ಬೇಕಾಯಿತು. ಆದರೆ ಜೀಪಿನ ಹಿಂಭಾಗ ನಾಲ್ಕು ಬೆರಳು ಕುಸಿದು, ಮುಂದಿನ ದೀಪಗಳು ಆಕಾಶ ನೋಡತೊಡಗಿದವು.

"ಈ ಕುಸಿತಕ್ಕ ಐತ್ರಿ ನಿಮ್ಮ ಗಾಳಿಚೀಲ," ಎಂದು ಅವನು ಮೊದಲ ಸಲ ಡಬ್ಬಿ ಬಿಚ್ಚಿದ. "ಸರ, ಓದ್ರಿ."

ನಾನು ಓದಿ ಹೇಳುತ್ತ ಹೋದೆ. ಗಾಡಿ ಎತ್ತಬೇಕು, ಸ್ಪ್ರಿಂಗ್ ಸಡಿಲಾಗಬೇಕು, ಚೀಲದ ಗಾಳಿ ಪೂರ್ತಿ ತೆಗೆದು ಸುರುಳಿ ಸುತ್ತಿ ಒಳಗೆ ತೂರಿಸಬೇಕು, ನಳಿಕೆ ಸೈಲೆನ್ಸರಿಗೆ ತಾಗಬಾರದು. ದಪ್ಪ ಅಕ್ಷರದ್ದೆಲ್ಲ ಮುಗಿಸಿ ಹಾಳೆ ಮಡಚಿದೆ.

"ಅಡಿಯಾಗ ಸಣ್ಣ ಅಕ್ಷರದಾಗ ಏನೋ ಐತಲ್ರಿ?"

"ಅದೇನಿಲ್ಲ, ಸುಮ್ಮನೆ ಕಂಪನಿಯವರ ಕಾನೂನು."

"ಅದನ್ನೂ ಓದ್ರಿ ಸರ. ದೊಡ್ಡಕ್ಷರ ಮಾರಾಕ ಬರದಿರ್ತಾರ. ಸಣ್ಣದು ನಮ್ಮ ಸಲುವಾಗಿ."

ಓದಿದೆ. ಈ ಚೀಲ ಕೂಡಿಸಿದ್ದರಿಂದ ಗಾಡಿ ಹೊರಬಹುದಾದ ಭಾರದ ಮಿತಿ ಹೆಚ್ಚುವುದಿಲ್ಲ ಎಂದಿತ್ತು. ಓದುವುದೇ ನನ್ನ ಕಸಬು, ಆದರೆ ನಾನು ಅದನ್ನು ಬಿಟ್ಟಿದ್ದೆ. ಇಂಗ್ಲಿಷಿನ ಒಂದಕ್ಷರ ಬಾರದವನು ಹಿಡಿದ. ಆ ನಾಚಿಕೆ ಇನ್ನೂ ನನ್ನಲ್ಲಿದೆ, ಇರಲಿ.

"ನಡೀರಿ, ಅಮರಗೋಳಕ್ಕ," ಎಂದ. ಅಲ್ಲಿನ ಮಾರುಕಟ್ಟೆಯಲ್ಲಿ ಗಾಡಿಗಳನ್ನು ತೂಗುವ ಕಟ್ಟೆಗೆ. ಅವನೂ ಹೆಂಗಸರೂ ಬಸ್ಸಿಗೆ ಬಂದರು. ಜೀಪು ಬೇರೆ, ಟ್ರೇಲರ್ ಬೇರೆ, ಆಮೇಲೆ ಹೆಂಗಸರನ್ನು ನಿಂತ ಜೀಪಿನೊಳಗೆ ಕೂಡಿಸಿ ಮತ್ತೊಮ್ಮೆ.

"ನನ್ನೂ ತೂಗ್ತಿಯೇನೋ? ನಾನೇನ ಬ್ಯಾಡಗಿ ಮೆಣಸಿನಕಾಯಿ ಚೀಲೇನು?" ಎಂದಳು ಸಾವಕ್ಕ.

"ಖಾರ ಅಷ್ಟಽ ಐತಿ, ತೂಕಾ ನೋಡೂಣು," ಎಂದ ಯಮನಪ್ಪ. ಹತ್ತು ದಿನದ ಮೇಲೆ ಅವನು ಆಡಿದ ಮೊದಲ ಚೇಷ್ಟೆ ಅದು.

ಜೀಪಿನ ಲೆಕ್ಕ ಮಂದಿ ಕೂತಾಗಲೂ ಸರಿಯಿತ್ತು. ಟ್ರೇಲರ್ ಒಂಬೈನೂರ ಎಪ್ಪತ್ತು ಕಿಲೋ. ಜೀಪಿನ ಪುಸ್ತಕದಲ್ಲಿ ಎಳೆಯಬಹುದಾದದ್ದು ಏಳುನೂರ ಐವತ್ತು. ಬೀರಲಿಂಗಪ್ಪ ಚೀಟಿಯನ್ನು ಗೌರಕ್ಕನ ಕೈಗೆ ಕೊಟ್ಟ.

"ಇನ್ನೂರ ಇಪ್ಪತ್ತ ಇಳಸ್ರಿ. ಇಳಸಿದ್ರ ಕೂಡಸ್ತೇನಿ."

"ಏನ ಇಳಸ್ಲಿ? ಹಿಟ್ಟ ಇಳಸ್ಲೋ, ಒಲಿ ಇಳಸ್ಲೋ?" ಗೌರಕ್ಕನ ಧ್ವನಿ ಏರಿತು. "ನಿನ್ನ ಕೆಲಸ ಕೂಡಸೂದು. ಪುರಾಣಾ ಹೇಳೂದಲ್ಲ. ಮಂಗಳವಾರ ಮದವಿ ಐತಿ. ನೀ ಒಲ್ಲೆ ಅಂದ್ರ ಹುಬ್ಬಳ್ಯಾಗ ಮಿಸ್ತ್ರಿಗೋಳ ಸತ್ತಾರೇನು?"

"ಬದುಕ್ಯಾರ್ರಿ. ಸಾಯೂದು ಮಿಸ್ತ್ರಿ ಅಲ್ಲ."

ಅಷ್ಟು ಹೇಳಿ ಅವನು ತೂಕದ ಕಟ್ಟೆಯ ಅಂಚಿಗೆ ಕೂತ. ಆಮೇಲೆ ಅವನಾಗಿಯೇ ಹೇಳಿದ್ದನ್ನು ನಾನಿಲ್ಲಿ ಹಾಗೆಯೇ ಬರೆಯುತ್ತಿದ್ದೇನೆ.

"ತೊಂಬತ್ನಾಲ್ಕರಾಗ್ರಿ. ನಾ ದೊಡ್ಡ ಅಂಗಡ್ಯಾಗಿದ್ದೆ. ಉಳ್ಳಾಗಡ್ಡಿ ಹೇರೂ ಟೆಂಪೋ ಬಂತು. ಪಾಟಾ ಕುಂತಾವು, ಇನ್ನೆರಡ ಹೆಚ್ಚ ಹಾಕು ಅಂದ್ರು. ಹಾಕಿದೆ. ನಾ ಹಾಕಿದ್ದು ಭಾಳ ಗಟ್ಟಿ ಇತ್ತು. ಗಟ್ಟಿ ಐತಂತ ಎರಡರಷ್ಟ ಹೇರಿದ್ರು, ಮ್ಯಾಲೆ ಮಂದಿ ಕುಂತ್ರು. ತಿರುವಿನ್ಯಾಗ ಬಿತ್ತು. ಇಬ್ರ ಹೋದ್ರು. ಪೊಲೀಸರು ಡ್ರೈವರನ್ನ ಹಿಡದ್ರು. ಆ ಗಾಡಿ ಮತ್ತ ನಮ್ಮ ಅಂಗಡಿಗಽ ಬಂತು. ನೋಡಿದೆ. ಪಾಟಾ ಒಂದೂ ಮುರದಿರಲಿಲ್ಲ. ಮಾಲಕ ಬೆನ್ನ ಚಪ್ಪರಿಸಿ, ಭಲೆ ಬೀರ್ಯಾ, ಏನ ಕೆಲಸ ಮಾಡಿಯೋ ಅಂದ. ಪಾಟಾ ಹಾಕಿದವ ಯಾರಂತ ಒಬ್ರೂ ಕೇಳಲಿಲ್ರಿ. ಕೇಳಿದ್ರ ಛಲೋ ಇರ್ತಿತ್ತು."

ಮುಂದಿನ ತಿಂಗಳು ಅವನು ಅಂಗಡಿ ಬಿಟ್ಟ. ಬೇವಿನ ಮರದ ಕೆಳಗೆ ಶೆಡ್ಡು ಹಾಕಿದ. ಮಿತಿ ಮೀರಿ ಹೇರಲು ಪಾಟಾ ಹೆಚ್ಚಿಸಿ ಕೊಡು ಎಂದು ಬಂದವರನ್ನು ವಾಪಸ್ ಕಳಿಸಿದ. ಹೀಗೆ ವಾಪಸಾದವರೆಲ್ಲ ನೂರು ಹೆಜ್ಜೆ ಆಚೆಗೆ ಹಾಕಿಸಿಕೊಂಡು ಹೋದರು. ಅವನಿಗೆ ತಲೆ ಕೆಟ್ಟಿದೆ ಎಂದರು. ನಾನು ಹೇಳುತ್ತೇನೆ, ತಲೆ ಕೆಟ್ಟವರ ಊರಿನಲ್ಲಿ ನೆಟ್ಟಗಿರುವವನಿಗೆ ಆ ಹೆಸರು ಬರುವುದು ಸಹಜ. ತೂಕದ ಕಟ್ಟೆಯ ಪಕ್ಕದಲ್ಲೇ ಮಿತಿ ಮೀರಿದ ಹತ್ತು ಲಾರಿ ಆ ಹೊತ್ತಿಗೂ ನಿಂತಿದ್ದವು. ಅವನ್ನು ನೋಡಲು ಸಂಬಳ ಪಡೆಯುವವರು ಎಲ್ಲಿ ನಿಂತಿದ್ದರೋ.

ಗೌರಕ್ಕ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಹಳ ಹೊತ್ತು ಟ್ರೇಲರನ್ನು ನೋಡಿದಳು.

"ಕಟಗಿ ಎಷ್ಟ ತೂಗ್ತಾವೋ ಯಮನಪ್ಪಾ?"

"ಎರಡೂವರಿ ಕ್ವಿಂಟಾಲ್ ಹತ್ರ ಬರ್ತಾವಬೇ."

ಮಾರುಕಟ್ಟೆಯ ಮೂಲೆಯ ಫೋನ್ ಬೂತಿಗೆ ಹೋದಳು. ಇಷ್ಟು ವರ್ಷ ಮದುವೆ ಮನೆಯವರಲ್ಲಿ ಅವಳು ಒಂದು ಲೋಟ ಚಹಾ ಕೂಡ ಕೇಳಿದವಳಲ್ಲ. ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು.

"ಚನ್ನಯ್ಯನಾರ, ನಾ ಗೌರಕ್ಕ ಮಾತಾಡಾಕತ್ತೇನ್ರಿ. ಒಣಾ ಕಟಗಿ ಮೂರ ಕ್ವಿಂಟಾಲ್ ನೀವಽ ಇಡಬೇಕ್ರಿ... ಹೌದ್ರಿ, ಇಷ್ಟ ದಿನಾ ನಾವಽ ತರ್ತಿದ್ವಿ... ಇನ್ನ ತರೂದಿಲ್ರಿ... ಜಾಲಿ ಕಟಗಿ, ವರ್ಷದ್ದು. ಹಸೀ ಇದ್ವಂದ್ರ ನಿಮ್ಮ ಬೀಗರಿಗೆ ಹೊಗಿ ವಾಸನಿ ರೊಟ್ಟಿ ಸಿಗ್ತಾವು, ಆಮ್ಯಾಲೆ ನನ್ನ ಬಯ್ಯಬಾರ್ದು ಮತ್ತ."

ಹೊರಗೆ ಬಂದವಳೇ, "ಇಡ್ತಾರಂತ. ಬಾಯಿ ಬಿಟ್ಟ ಕೇಳಿದ್ರ ಇಡ್ತಾರ ನೋಡ್ರಿ," ಎಂದಳು. ಸಿಟ್ಟಿಗೋ ಸಂತೋಷಕ್ಕೋ ಮೂಗಿನ ತುದಿ ಕೆಂಪಾಗಿತ್ತು.

ಎಲ್ಲರೂ ಶೆಡ್ಡಿಗೆ ಮರಳಿ ಕಟ್ಟಿಗೆ ಇಳಿಸಿದ ಮೇಲೆ ಕೂಡಿಸುವ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟ, ಹಿಂಭಾಗ ಎತ್ತಿ ಎರಡೂ ಕಡೆ ಆಸರೆ ಇಟ್ಟ, ಗಾಲಿ ಬಿಚ್ಚಿದ. ಸ್ಪ್ರಿಂಗ್ ನಿಧಾನ ಉದ್ದವಾಯಿತು. ಚೀಲದ ವಾಲ್ವಿಗೆ ಬಾಯಿಟ್ಟು ಗಾಳಿಯನ್ನೆಲ್ಲ ಹೀರಿ, ಮುಚ್ಚಳ ಹಾಕಿ, ಎಲೆ ಅಡಿಕೆ ಮಡಚಿದ ಹಾಗೆ ಸುತ್ತಿ ಸ್ಪ್ರಿಂಗಿನ ಸಂದಿಯಿಂದ ಒಳಗೆ ತೂರಿಸಿದ. ಅದಕ್ಕೂ ಮೊದಲು ಅರದಿಂದ ಒಳಗಿನ ಚೂಪು ಅಂಚುಗಳನ್ನೆಲ್ಲ ಉಜ್ಜಿ, ಬೆರಳಾಡಿಸಿ ನೋಡಿದ. ಎಡ ಬಲ ಎರಡಕ್ಕೂ ಬೇರೆ ಬೇರೆ ನಳಿಕೆ. ಒಂದೇ ನಳಿಕೆಗೆ ಕೂಡಿಸಿದರೆ ತಿರುವಿನಲ್ಲಿ ಈ ಚೀಲದ ಗಾಳಿ ಆ ಚೀಲಕ್ಕೆ ಓಡಿ ಗಾಡಿ ವಾಲುತ್ತದಂತೆ. ನಳಿಕೆಗಳನ್ನು ಸೈಲೆನ್ಸರಿಂದ ಗೇಣು ದೂರ ಹಾಯಿಸಿ ನಂಬರ್ ಪ್ಲೇಟಿನ ಹತ್ತಿರ ವಾಲ್ವು ಹೊರಗೆ ತಂದ. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ಎಂದು ಕಣ್ಣು ಕಿರಿದು ಮಾಡಿ ಕೂತ.

ಗಾಲಿ ಕೂಡಿಸಿ, ಜೀಪು ಇಳಿಸಿ, ಟ್ರೇಲರಿನ ಕೊಂಡಿ ಹಾಕಿದ ಮೇಲೆ ಗಾಳಿ ತುಂಬಿದ್ದು ಸೈಕಲ್ ಪಂಪಿನಿಂದ.

"ಪೆಟ್ರೋಲ್ ಪಂಪಿನ್ಯಾಗ ಹಾಕಸೂದಿಲ್ಲೇನು?" ಯಮನಪ್ಪ ಕೇಳಿದ.

"ಅಪ್ಪಿ ತಪ್ಪಿ ಹಾಕಸಬ್ಯಾಡ. ಇದರ ಹೊಟ್ಟಿ ಸಣ್ಣದು. ಲಾರಿ ಗಾಲಿಗೆ ಹೊಡದಂಗ ಹೊಡದ್ರ ಕಣ್ಣ ಮುಚ್ಚೂದ್ರಾಗ ಒಡೀತೈತಿ. ಕೈಲಿ ಹೊಡಿ. ಭಾರ ಹೇರೂಕಿಂತಾ ಮೊದಲ ಎಷ್ಟ ಎತ್ತರಿತ್ತೋ ಅಷ್ಟಕ್ಕ ಬರಲಿ, ನಿಲ್ಲಸು. ಖಾಲಿ ಇದ್ದಾಗ ಒಂದೀಟ ಇರಲಿ, ಪೂರ್ತಿ ತಗೀಬ್ಯಾಡ."

ಪಂಪು ಒತ್ತಿದಂತೆಲ್ಲ ಆಕಾಶ ನೋಡುತ್ತಿದ್ದ ದೀಪಗಳು ರಸ್ತೆಗೆ ಇಳಿದವು.

ಈಗ ಹೆಂಗಸರು. ಗೌರಕ್ಕ ಮರದ ಕಡೆ ನೋಡಿದಳು. ಯಾರೂ ಏಳಲಿಲ್ಲ. ಸಾವಕ್ಕ ಎಲೆ ಅಡಿಕೆ ಉಗುಳಿ ಬಂದು ಬೀರಲಿಂಗಪ್ಪನ ಎದುರು ನಿಂತಳು.

"ಅಲ್ಲೋ ಮಿಸ್ತ್ರಿ, ನೀ ಕೂಡಿಸಿದ ಗಾಡ್ಯಾಗ ನೀ ಕುಂತಿಯೇನು ಒಮ್ಮೆರೆ?"

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. "ಇಲ್ಲಬೇ. ತೊಂಬತ್ನಾಲ್ಕರಿಂದ ಹೇರಿದ ಗಾಡಿ ಯಾವುದೂ ಹತ್ತಿಲ್ಲ. ಕಾಲ ಏಳೂದಿಲ್ಲ."

"ಹಂಗಾದ್ರ ನಮ್ಮ ಕಾಲ ಹ್ಯಾಂಗ ಏಳಬೇಕೋ ಯಪ್ಪಾ?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಕೇಳಿದಳು. ಅವನು ಜೀಪಿನ ಹಿಂದಿನ ಬಾಗಿಲು ತೆರೆದ. ಒಂದು ಕ್ಷಣ ಹಿಡಿಕೆ ಹಿಡಿದು ನಿಂತ. ಹತ್ತಿದ. ಗಾಲಿಯ ನೇರ ಮೇಲಿನ ಸೀಟಿನಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕೂತ.

ಸಾವಕ್ಕ ಶೆಡ್ಡಿನ ಕೊಡದಿಂದ ಒಂದು ತಂಬಿಗೆ ನೀರು ಅಂಚಿನ ತನಕ ತುಂಬಿಕೊಂಡು ಅವನ ಎದುರಿಗೆ ಹತ್ತಿದಳು. "ಬಾಲಾ ಆಡಿಸಿ ನೀರ ಚೆಲ್ಲಿತೋ, ಅಲ್ಲೇ ಇಳೀತೇನಿ." ಅವಳ ಹಿಂದೆ ಮೂವರು ಹತ್ತಿದರು. ಉಳಿದ ಮೂವರು ನೋಡೋಣ ಎಂದು ಮರದ ಕೆಳಗೇ ಉಳಿದರು. ಗೌರಕ್ಕ ಮುಂದೆ, ನಾನು ನಡುವೆ.

ನವಲೂರಿನ ಇಳಿಜಾರು ಬಂದಾಗ ಎಲ್ಲರ ಕಣ್ಣು ಸಾವಕ್ಕನ ತಂಬಿಗೆಯ ಮೇಲಿತ್ತು. ಯಮನಪ್ಪ ಮೂವತ್ತೈದಕ್ಕೆ ತಂದ, ನಲವತ್ತಕ್ಕೆ ತಂದ. ಟ್ರೇಲರ್ ಹಿಂದೆ ಇದೆಯೋ ಇಲ್ಲವೋ ಎಂದು ನಾನು ತಿರುಗಿ ನೋಡಬೇಕಾಯಿತು. ಇತ್ತು. ಗೆರೆ ಎಳೆದ ಹಾಗೆ ಬರುತ್ತಿತ್ತು. ಅಷ್ಟರಲ್ಲಿ ಧಡ್ ಎಂದು ಒಂದು ಕುಲುಕು, ಸಾವಕ್ಕನ ಸೀರೆಯ ಮೇಲೆ ಅರ್ಧ ತಂಬಿಗೆ ನೀರು. ಬೀರಲಿಂಗಪ್ಪನ ಮುಖ ಬಿಳಿಚಿತ್ತು.

ಸಾವಕ್ಕ ಕಿಟಕಿಯಿಂದ ಹಿಂದಕ್ಕೆ ಬಗ್ಗಿ ನೋಡಿದಳು. ತಗ್ಗು ಮೊಣಕಾಲುದ್ದ ಇತ್ತು.

"ಇದು ರಸ್ತಾದವ್ರ ತಪ್ಪು. ಮಿಸ್ತ್ರಿದಲ್ಲ," ಎಂದು ಸೀರೆ ಹಿಂಡಿಕೊಂಡಳು. "ಯಮನಪ್ಪಾ, ಹೊಡಿ."

ಆ ರಸ್ತೆಯ ಬಗ್ಗೆ ನಾನು ಮೂರು ಸಲ ಬರೆದಿದ್ದೆ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಒಮ್ಮೆಯೂ ಬರೆದಿರಲಿಲ್ಲ.

ಮಂಗಳವಾರ ಬೆಳಗಿನ ಆರಕ್ಕೆ ಮಾಳಮಡ್ಡಿಯ ಓಣಿಯಲ್ಲಿ ಜೀಪು ನಿಂತಿತ್ತು. ಏಳೂ ಹೆಂಗಸರು ಬಂದಿದ್ದರು. ಯಾರೂ ಕರೆಯದೆ ಬೀರಲಿಂಗಪ್ಪನೂ ಮೊದಲ ಬಸ್ಸಿಗೆ ಹುಬ್ಬಳ್ಳಿಯಿಂದ ಬಂದಿದ್ದ. ಬಗ್ಗಿ ವಾಲ್ವು ನೋಡಿದ, ಯಮನಪ್ಪನ ಜೊತೆ ಮೂತಿ ಎತ್ತಿ ಭಾರ ನೋಡಿದ, ತಾಡಪತ್ರಿ ಸರಿಸಿ ಕಟ್ಟಿಗೆ ಇಲ್ಲವೆಂದು ಖಾತ್ರಿ ಮಾಡಿಕೊಂಡ.

ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಗೌರಕ್ಕ ಎಲ್ಲರಿಗಿಂತ ಕೊನೆಗೆ ಹತ್ತುವ ಮುಂಚೆ ಅವನ ಎರಡೂ ಕೈ ಹಿಡಿದುಕೊಂಡಳು. "ಊಟಕ್ಕರೆ ಬಾರಪಾ ನಮ್ಮ ಕೂಡ. ಬಿಸಿ ರೊಟ್ಟಿ, ಬದನಿಕಾಯಿ ಪಲ್ಯ," ಎಂದಳು.

"ಹತ್ತು, ಹತ್ತು," ಎಂದು ಸಾವಕ್ಕ ಒಳಗಿನಿಂದ ಜಾಗ ಸರಿದಳು. "ಈಗೇನ ಅಂಜಿಕಿ ನಿನಗ?"

"ಅಂಜಿಕಿ ಇಲ್ಲಬೇ. ಒಂಬತ್ತ ಮಂದಿಗೆ ತೂಕಾ ಹಿಡದೇನಿ. ಹತ್ತನೇದಾವ ನಾ ಕುಂತ್ರ ಹೆಚ್ಚಾತು. ಬಸ್ಸಿಗೆ ಬರ್ತೇನಿ."

ಜೀಪು ಓಣಿ ದಾಟಿತು. ಬೀರಲಿಂಗಪ್ಪನೂ ನಾನೂ ಬಸ್ ಸ್ಟ್ಯಾಂಡಿಗೆ ನಡೆದು ಉಪ್ಪಿನಬೆಟಗೇರಿಯ ಬಸ್ಸು ಹಿಡಿದೆವು. ಎಂಟೂವರೆಗೆ ನಾವು ಮುಟ್ಟಿದಾಗ ಚನ್ನಯ್ಯನವರ ಹಿತ್ತಲಲ್ಲಿ ಎಂಟು ಒಲೆ ಉರಿಯುತ್ತಿದ್ದವು, ಹೊಗೆ ಇರಲಿಲ್ಲ, ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳಿಸುತ್ತಿತ್ತು.